ಸಹಿಯೂ ಸಾಕ್ಷಿಯೂ

ಕಳೆದ ತಿಂಗಳು ಯಲಹಂಕದ ನಮ್ಮ ಮನೆಗೆ ಹಳೆಯ ವಿದ್ಯಾರ್ಥಿಯೊಬ್ಬ ಬಂದಿದ್ದ. ಕೈಯಲ್ಲಿ ಬಟ್ಟೆ ಸುತ್ತಿದ ಕ್ರಿಕೆಟ್ ಬ್ಯಾಟು. 1983ರ ವಿಶ್ವಕಪ್ ಗೆದ್ದ ತಂಡದ ಹದಿನಾಲ್ವರ ಸಹಿಗಳೂ ಅದರ ಮೇಲಿವೆಯೆಂದು ಮಾರಿದವನು ಹೇಳಿದ್ದನಂತೆ. ಆ ಫೈನಲ್ ಪಂದ್ಯವನ್ನು ರೇಡಿಯೋದಲ್ಲಿ ಕೇಳಿ ಕುಣಿದಿದ್ದ ತಂದೆಗೆ ಕೊಡಲೆಂದು ಎರಡು ತಿಂಗಳ ಸಂಬಳ ಸುರಿದಿದ್ದ. "ಸರ್, ಮಾರ್ಕ್ಸ್ ಕಾರ್ಡಿನಲ್ಲಿ ನಾವೇ ಅಪ್ಪನ ಸಹಿ ಹಾಕಿಕೊಂಡು ಬಂದರೆ ನಿಂತಲ್ಲೇ ಹಿಡಿಯುತ್ತಿದ್ದಿರಿ. ಇದನ್ನೂ ಒಮ್ಮೆ ನೋಡಿ" ಎಂದ.

ಹಾಗೆ ಹಿಡಿಯುವುದರಲ್ಲಿ ಮಾಯವೇನೂ ಇರಲಿಲ್ಲ. ತನ್ನ ಸಹಿಯನ್ನು ಮನುಷ್ಯ ಬರೆಯುತ್ತಾನೆ. ಪರರ ಸಹಿಯನ್ನು ಚಿತ್ರದಂತೆ ಬಿಡಿಸುತ್ತಾನೆ. ಬರೆದ ಗೆರೆ ವೇಗವಾಗಿ ಓಡಿ ತುದಿಯಲ್ಲಿ ತೆಳುವಾಗುತ್ತದೆ. ಬಿಡಿಸಿದ ಗೆರೆ ಒಂದೇ ದಪ್ಪಕ್ಕಿದ್ದು, ಅಲ್ಲಲ್ಲಿ ನಡುಗಿ, ನಿಲ್ಲಬಾರದ ಕಡೆ ನಿಲ್ಲುತ್ತದೆ. ಇನ್ನೊಂದು ಮಾತು: ಯಾರೂ ಎರಡು ಸಲ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಹಿ ಹಾಕಲಾರರು. ಎರಡು ಸಹಿಗಳು ಒಂದರ ಮೇಲೊಂದು ಸರಿಯಾಗಿ ಕೂತರೆ ಅದು ಅಚ್ಚು, ರಬ್ಬರ್ ಮುದ್ರೆ ಅಥವಾ ಯಂತ್ರದ ಕೆಲಸ.

ಅಕ್ಷರಕ್ಕಿಂತಲೂ ಇತಿಹಾಸ ಗಟ್ಟಿ ಸಾಕ್ಷಿ. ಬಾಲ್‌ಪೆನ್ನು ಅಮೆರಿಕದ ಅಂಗಡಿಗಳಿಗೆ ಬಂದದ್ದೇ 1945ರಲ್ಲಿ. 1936ರದೆನ್ನುವ ಸಹಿ ಬಾಲ್‌ಪೆನ್ನಿನಲ್ಲಿರಲಾರದು. ನಮ್ಮಲ್ಲಿ ಪಿನ್‌ಕೋಡ್ ಜಾರಿಯಾದದ್ದು 15 ಆಗಸ್ಟ್ 1972ರಂದು. ಯಲಹಂಕ 560064 ಎಂದು ಅಚ್ಚಾದ ಕಾಗದ 1970ರದಾಗಲಾರದು. ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1 ನವೆಂಬರ್ 1973ರಂದು. ಅದುವರೆಗೆ ಮೈಸೂರು ಎಂದೇ ಆಡುತ್ತಿದ್ದ ರಣಜಿ ತಂಡ, ಹೊಸ ಹೆಸರಿನ ಮೊದಲ ವರ್ಷವೇ ಪ್ರಸನ್ನರ ನಾಯಕತ್ವದಲ್ಲಿ, ಸತತ 15 ಬಾರಿ ಗೆದ್ದಿದ್ದ ಬೊಂಬಾಯಿಯನ್ನು ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಹಿಂದಿಕ್ಕಿ, ಮೊದಲ ಸಲ ಟ್ರೋಫಿ ತಂದಿತು. ಆದುದರಿಂದ 1971ರ 'ಕರ್ನಾಟಕ ರಣಜಿ ತಂಡ'ದ ಸಹಿಹಾಳೆ ಸಿಕ್ಕರೆ ದುಡ್ಡು ಬಿಚ್ಚಬೇಡಿ.

ಬ್ಯಾಟಿನೊಂದಿಗೆ ಜುಲೈ 1983ರ ದಿನಾಂಕವಿದ್ದ ಇಂಗ್ಲಿಷ್ ಪ್ರಮಾಣಪತ್ರವೊಂದಿತ್ತು. ಅದರಲ್ಲಿ ಊರಿನ ಹೆಸರು 'ಬ್ಯಾಂಗಲೋರ್' ಆಗಿರಲಿಲ್ಲ, 'ಬೆಂಗಳೂರು' ಆಗಿತ್ತು. ಇಂಗ್ಲಿಷಿನಲ್ಲಿ ಆ ರೂಪ ಅಧಿಕೃತವಾದದ್ದು 1 ನವೆಂಬರ್ 2014ರಂದು! ಪತ್ರ ಸುಳ್ಳಾದ ಮಾತ್ರಕ್ಕೆ ಸಹಿಗಳೂ ಸುಳ್ಳಾಗಬೇಕಿಲ್ಲವೆಂದು ಮಸೂರ ಹಿಡಿದೆ. ಆ ಪಂದ್ಯಾವಳಿಯಲ್ಲಿ 18 ವಿಕೆಟ್ ಕಿತ್ತ ಬಿನ್ನಿ, ವಿಕೆಟ್ ಕಾದ ಕಿರ್ಮಾನಿ, ಇಬ್ಬರೂ ನಮ್ಮ ಊರಿನವರೇ. ಆದರೆ ಅವರಿಬ್ಬರದು ಮಾತ್ರವಲ್ಲ, ಹದಿನಾಲ್ಕು ಹೆಸರುಗಳಲ್ಲಿಯೂ ಒಂದೇ ಓರೆ, ಒಂದೇ ಒತ್ತಡ, ಒಂದೇ ನಡುಕ. ನಾನು ಪರಿಣತನಲ್ಲ, ಆದರೂ ನಂಬಲಾಗಲಿಲ್ಲ. ಹಾಗೆಂದೇ ಹೇಳಿದೆ. ಹುಡುಗನ ಮುಖ ಬಾಡಿತು.

ಮೋಸಹೋದವನು ಅವನೊಬ್ಬನೇ ಅಲ್ಲ. 1990ರ ದಶಕದಲ್ಲಿ ಅಮೆರಿಕದ ಎಫ್‌ಬಿಐ 'ಆಪರೇಷನ್ ಬುಲ್‌ಪೆನ್' ಎಂಬ ತನಿಖೆ ನಡೆಸಿದಾಗ ಮದರ್ ತೆರೇಸಾ ಅವರ ಖೋಟಾ ಸಹಿಯಿದ್ದ ಬೇಸ್‌ಬಾಲ್ ಚೆಂಡುಗಳೂ ಸಿಕ್ಕಿದವು! ತರುವಾಯ 2001ರಲ್ಲಿ ಅಲ್ಲಿನ ಬೇಸ್‌ಬಾಲ್ ಸಂಸ್ಥೆ ಹೊಸ ಪದ್ಧತಿಯನ್ನು ತಂದಿತು. ಸಹಿ ಹಾಕುವಾಗ ಸಾಕ್ಷಿಯೊಬ್ಬ ಎದುರಿಗಿದ್ದು, ಅಲ್ಲಿಯೇ ಸಂಖ್ಯೆಯುಳ್ಳ ಹೊಲೊಗ್ರಾಮ್ ಚೀಟಿ ಅಂಟಿಸಬೇಕು. ಸಾಕ್ಷಿಗೆ ನಮ್ಮ ಕಾನೂನೂ ಬೆಲೆ ಕೊಟ್ಟಿದೆ. 1872ರ ಸಾಕ್ಷ್ಯ ಕಾಯಿದೆಯ 47ನೆಯ ಕಲಮಿನಂತೆ, ಒಬ್ಬನ ಕೈಬರಹವನ್ನು ಬಲ್ಲವನ ಅಭಿಪ್ರಾಯವೂ ಪ್ರಸ್ತುತ. 1 ಜುಲೈ 2024ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 41ನೆಯ ಕಲಮೂ ಇದನ್ನೇ ಹೇಳುತ್ತದೆ.

ಅವನು ಹೋದ ಮೇಲೆ ನಮ್ಮಣ್ಣನ ಆಟೋಗ್ರಾಫ್ ಪುಸ್ತಕವನ್ನು ತೆಗೆದೆ. 1974ರ ಆ ಸೆಮಿಫೈನಲ್ ಸಮಯದಲ್ಲಿ ಅಣ್ಣ ಸಂಗ್ರಹಿಸಿದ ಎರಡು ಸಹಿಗಳು ಅದರಲ್ಲಿವೆ. ಯಾವ ದಿನ, ಯಾವ ಗೇಟಿನ ಬಳಿ ಎಂದು ಆತ ಬರೆದಿಡಲಿಲ್ಲ; ನಾನೂ ಕೇಳಲಿಲ್ಲ. ಈಗ ಅಣ್ಣನಿಲ್ಲ. ಸಹಿಗಳು ನಿಜವೆಂದು ನನಗೆ ಗೊತ್ತು, ಮೊಮ್ಮಕ್ಕಳಿಗೆ ಗೊತ್ತಾಗುವುದು ಹೇಗೆ?

ಆದುದರಿಂದ ನನ್ನ ಪ್ರಿಯ ವಿದ್ಯಾರ್ಥಿಗಳೇ, ಬಂಧುಗಳೇ, ನಿಮ್ಮಲ್ಲಿ ಅಂಥ ಹಾಳೆಯಿದ್ದರೆ ಎಲ್ಲಿ, ಯಾವಾಗ, ಯಾರು ಪಡೆದರು ಎಂಬುದನ್ನು ಬೇರೊಂದು ಕಾಗದದಲ್ಲಿ ಇಂದೇ ಬರೆದು ಜೊತೆಗಿಡಿ. ಕೆಳಗೆ ನಿಮ್ಮ ಸಹಿ ಹಾಕಿ. ನಿಮ್ಮದೇ ಸಹಿ, ಅಪ್ಪನದಲ್ಲ!