ಶಿಫಾರಸಿಲ್ಲದೆ ಬಂದ ಮೇಷ್ಟ್ರು: ಶಿಕ್ಷಣ ಸಚಿವ ಎಚ್.ಜಿ. ಗೋವಿಂದೇಗೌಡರ ನೆನಪು

ನಮ್ಮ ಹಾಲು ಉತ್ಪಾದಕರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ನೀವೂ ಒಂದು ಲೇಖನ ಕೊಡಲೇಬೇಕೆಂದು ಅಧ್ಯಕ್ಷರು ಅಪ್ಪಣೆ ಮಾಡಿದರು. ನಾನು ಸಾಹಿತಿಯಲ್ಲ. 1995ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ ನೇಗಿಲು ಹಿಡಿದವನು. ಹಸು, ಕಾಫಿ, ಗದ್ದೆ ಬಿಟ್ಟರೆ ಬೇರೆ ಗೊತ್ತಿಲ್ಲ. ಆದರೂ ನಮ್ಮೂರ ಶಾಲೆಯ ಚರಿತ್ರೆಯಲ್ಲಿ ಒಂದು ಸಂಗತಿಯನ್ನು ಬರೆದಿಡಬೇಕೆಂದು ಬಹಳ ದಿನದಿಂದ ಮನಸ್ಸಿನಲ್ಲಿತ್ತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ಓದುಗ ಬಂಧುಗಳು ಮನ್ನಿಸಬೇಕು.

ಹಾಲಿನ ಸಂಘದ ಪುಸ್ತಕದಲ್ಲಿ ಶಾಲೆಯ ವಿಷಯ ಯಾಕೆ ಅಂತ ಕೆಲವರು ಕೇಳಬಹುದು. ನಮ್ಮ ಸಂಘದ ಮೊದಲನೇ ಸಭೆ ನಡೆದದ್ದೇ ಸರ್ಕಾರಿ ಶಾಲೆಯ ಕೊಠಡಿಯಲ್ಲಿ. ಅಂದು ನಮಗೆ ಅರ್ಜಿ ಬರೆದುಕೊಟ್ಟು, ಸದಸ್ಯರ ಪಟ್ಟಿಯನ್ನು ಮುದ್ದಾದ ಅಕ್ಷರದಲ್ಲಿ ತಯಾರು ಮಾಡಿಕೊಟ್ಟವರು ಶಾಲೆಯ ಮೇಷ್ಟ್ರು. ಆ ಮೇಷ್ಟ್ರು ನಮ್ಮೂರಿಗೆ ಹೇಗೆ ಬಂದರು ಎಂಬುದರ ಹಿಂದೆ ಒಬ್ಬ ಮಂತ್ರಿಯ ಕಥೆ ಇದೆ.

ಮೊದಲು ನಾನು ಓದಿದ ಕಾಲದ ಮಾತು ಹೇಳುತ್ತೇನೆ. ಕೊಡಗು 1956ರ ನವೆಂಬರ್ 1ರವರೆಗೆ ಪ್ರತ್ಯೇಕ ರಾಜ್ಯವಾಗಿತ್ತು, ಅಂದು ಮೈಸೂರು ರಾಜ್ಯಕ್ಕೆ ಸೇರಿತು. ಕೊಡ್ಲಿಪೇಟೆ ಜಿಲ್ಲೆಯ ಉತ್ತರದ ತುದಿ. ನಮಗೆ ಮಡಿಕೇರಿಗಿಂತ ಹಾಸನದ ಸೀಮೆ ಹತ್ತಿರ. ಜಿಲ್ಲಾ ಕೇಂದ್ರದಿಂದ ದೂರ, ಮಳೆಗಾಲದಲ್ಲಿ ಇನ್ನೂ ದೂರ. ನಾನು ಓದಿದ ಸುತ್ತಿನ ಹಳ್ಳಿಯ ಶಾಲೆ ಏಕೋಪಾಧ್ಯಾಯ ಶಾಲೆ. ನಾಲ್ಕು ತರಗತಿಗೆ ಒಬ್ಬರೇ ಮೇಷ್ಟ್ರು. ಅವರು ಸೋಮವಾರಪೇಟೆಗೆ ಮೀಟಿಂಗಿಗೆ ಹೋದರೆ ಶಾಲೆಗೆ ಬೀಗ. ಜನಗಣತಿ, ಚುನಾವಣೆ ಬಂದರೂ ಬೀಗ. ಒಬ್ಬ ಮನುಷ್ಯ ಎಷ್ಟು ಕಡೆ ಓಡಿಯಾನು? ಭಾಗಾಕಾರದ ಲೆಕ್ಕ ನನಗೆ ಸರಿಯಾಗಿ ಬಂದದ್ದು ಹೈಸ್ಕೂಲಿಗೆ ಹೋದ ಮೇಲೆಯೇ.

ಹಾಗಂತ ಸರ್ಕಾರ ಸುಮ್ಮನಿತ್ತು ಎನ್ನಲಾಗದು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ 1987ರಲ್ಲಿ ಕೇಂದ್ರ ಸರ್ಕಾರ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಯೋಜನೆ ತಂದಿತು. ಪ್ರತಿ ಶಾಲೆಗೆ ಕನಿಷ್ಠ ಎರಡು ಕೊಠಡಿ, ಇಬ್ಬರು ಶಿಕ್ಷಕರು, ಸಾಧ್ಯವಾದಲ್ಲಿ ಒಬ್ಬರು ಮಹಿಳೆ ಎಂಬುದು ಅದರ ಉದ್ದೇಶ. ಆದರೆ ಕಪ್ಪುಹಲಗೆ ಬಂದಷ್ಟು ಬೇಗ ಶಿಕ್ಷಕರು ಬರಲಿಲ್ಲ. ಇತ್ತ ಟಿ.ಸಿ.ಎಚ್. ತರಬೇತಿ ಮುಗಿಸಿದ ಹುಡುಗ ಹುಡುಗಿಯರು ಮನೆಯಲ್ಲಿ ಕೂತಿದ್ದರು. ಅತ್ತ ಶಾಲೆಯಲ್ಲಿ ಕುರ್ಚಿ ಖಾಲಿ ಇತ್ತು.

ನಮ್ಮ ಚಿಕ್ಕಮ್ಮ ಹಾಗೆ ಕೂತವರಲ್ಲಿ ಒಬ್ಬರು. ಒಳ್ಳೆ ಅಂಕ ತೆಗೆದಿದ್ದರು. ಒಂದು ದಿನ ಒಬ್ಬ ಮಧ್ಯವರ್ತಿ ಮನೆಗೆ ಬಂದ. "ಎಲ್ಲ ನಾನು ನೋಡ್ಕೋತೀನಿ, ನೀವು ಇಷ್ಟು ಹೊಂದಿಸಿಕೊಡಿ ಸಾಕು" ಅಂತ ಅಜ್ಜನಿಗೆ ಒಂದು ಮೊತ್ತ ಹೇಳಿದ. ಅಜ್ಜ ಹೊಳೆಬದಿಯ ಒಂದು ಎಕರೆ ಗದ್ದೆ ಕೊಡಲು ಮಾತುಕತೆ ಶುರು ಮಾಡಿದರು. ಅಜ್ಜಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಇಂಥ ಮಾತು ನಮ್ಮ ಮನೆಯೊಂದರಲ್ಲೇ ನಡೆದದ್ದಲ್ಲ. ಕೆಲಸ ಬೇಕೆಂದರೆ ದುಡ್ಡು ಅಥವಾ ದೊಡ್ಡವರ ಚೀಟಿ ಬೇಕು ಎಂಬ ನಂಬಿಕೆ ಜನರಲ್ಲಿ ಬೇರು ಬಿಟ್ಟಿತ್ತು.

ಅಷ್ಟರಲ್ಲಿ 1994ರ ಕೊನೆಗೆ ವಿಧಾನಸಭಾ ಚುನಾವಣೆ ನಡೆದು ಜನತಾದಳ 115 ಸ್ಥಾನ ಗೆದ್ದಿತು. ಡಿಸೆಂಬರ್‌ನಲ್ಲಿ ಎಚ್.ಡಿ. ದೇವೇಗೌಡರು ಮುಖ್ಯಮಂತ್ರಿಯಾದರು. ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣದ ಖಾತೆ ಶೃಂಗೇರಿ ಕ್ಷೇತ್ರದಿಂದ ಆರಿಸಿ ಬಂದಿದ್ದ ಎಚ್.ಜಿ. ಗೋವಿಂದೇಗೌಡರಿಗೆ ಸಿಕ್ಕಿತು. 1926ರಲ್ಲಿ ಹುಟ್ಟಿದ ಅವರಿಗೆ ಆಗಲೇ ಅರವತ್ತೆಂಟು ದಾಟಿತ್ತು. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪದ ಕಡೆಯವರು. ನಮ್ಮ ಹಾಗೆ ಮಳೆ, ಕಾಡು, ಕಾಫಿ, ಅಡಿಕೆ ಕಂಡ ಸೀಮೆ. ಹಳ್ಳಿಯಲ್ಲಿ ಮೇಷ್ಟ್ರಿಲ್ಲದ ಶಾಲೆ ಎಂದರೇನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳಲ್ಲಿ ಶಾಲಾ ಶಿಕ್ಷಣದ ಮುಖ್ಯಸ್ಥರನ್ನೇ ಜನ ನೇರವಾಗಿ ಓಟು ಹಾಕಿ ಆರಿಸುತ್ತಾರೆ. ನಮ್ಮಲ್ಲಿ ಹಾಗಿಲ್ಲ. ನಾವು ಶಾಸಕರನ್ನು ಆರಿಸುತ್ತೇವೆ, ಅವರಲ್ಲಿ ಒಬ್ಬರಿಗೆ ಮುಖ್ಯಮಂತ್ರಿಗಳು ಶಿಕ್ಷಣ ಖಾತೆ ಕೊಡುತ್ತಾರೆ. ಎರಡು ಕಡೆಯೂ ಕಷ್ಟ ಒಂದೇ. ಓಟು ಹಾಕಿದವರು ನಾಳೆ ಬಾಗಿಲಿಗೆ ಬರುತ್ತಾರೆ. "ನಿಮ್ಮನ್ನು ಗೆಲ್ಲಿಸಿದ್ದೇವೆ, ನಮ್ಮ ಹುಡುಗನಿಗೊಂದು ದಾರಿ ಮಾಡಿ" ಎನ್ನುತ್ತಾರೆ. ಅಲ್ಲ ಎಂದರೆ ಮುಂದಿನ ಓಟು ಹೋಯಿತು.

ಗೋವಿಂದೇಗೌಡರ ಕಾಲದಲ್ಲಿ ರಾಜ್ಯದಲ್ಲಿ ಸುಮಾರು 1 ಲಕ್ಷ ಶಿಕ್ಷಕರ ನೇಮಕವಾಯಿತು. ಇದು ಸಣ್ಣ ಸಂಖ್ಯೆಯಲ್ಲ. ಇಷ್ಟು ಹುದ್ದೆ ಕೈಯಲ್ಲಿದ್ದ ಮಂತ್ರಿ ಬೇಕೆಂದಿದ್ದರೆ ಒಂದೊಂದು ಹುದ್ದೆಗೂ ಒಂದೊಂದು ಋಣ ಹೊರಿಸಬಹುದಿತ್ತು. ಅವರು ಮಾಡಿದ್ದು ಬೇರೆ. ಅರ್ಹತೆ ಮತ್ತು ಮೀಸಲಾತಿಯ ನಿಯಮದ ಮೇಲೆ ಆಯ್ಕೆಯಾಗಬೇಕು, ಶಿಫಾರಸಿಗೆ ಜಾಗವಿಲ್ಲ ಎಂದರು. 1996ರಲ್ಲಿ ದೇವೇಗೌಡರು ಪ್ರಧಾನಿಯಾಗಿ ದೆಹಲಿಗೆ ಹೋದರು, ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾದರು. ಶಿಕ್ಷಣ ಖಾತೆ ಮಾತ್ರ 1999ರವರೆಗೆ ಗೋವಿಂದೇಗೌಡರಲ್ಲೇ ಉಳಿಯಿತು. ಇಬ್ಬರು ಮುಖ್ಯಮಂತ್ರಿಗಳ ಕೆಳಗೆ ಒಬ್ಬರೇ ಶಿಕ್ಷಣ ಮಂತ್ರಿ ಇದ್ದುದರಿಂದ ಹಿಡಿದ ದಾರಿ ನಡುವೆ ತಪ್ಪಲಿಲ್ಲ ಎಂದು ನನ್ನ ಭಾವನೆ.

ನಮ್ಮ ಚಿಕ್ಕಮ್ಮನ ಹೆಸರು ಪಟ್ಟಿಯಲ್ಲಿ ಬಂದಾಗ ಅಜ್ಜ ಮೊದಲು ನಂಬಲಿಲ್ಲ. "ಯಾರಿಗೆ ಕೊಟ್ಟೆ? ಎಷ್ಟು ಕೊಟ್ಟೆ?" ಅಂತ ನಮ್ಮಪ್ಪನನ್ನು ಗದರಿಸಿದರು. "ಯಾರಿಗೂ ಒಂದು ಕಾಸು ಕೊಟ್ಟಿಲ್ಲಪ್ಪ, ಅವಳ ಮಾರ್ಕ್ಸಿಗೆ ಬಂದದ್ದು" ಎಂದು ಅಪ್ಪ ಹೇಳಬೇಕಾಯಿತು. ಹೊಳೆಬದಿಯ ಆ ಒಂದು ಎಕರೆ ಮನೆಯಲ್ಲೇ ಉಳಿಯಿತು. ಇವತ್ತಿಗೂ ನಾನು ಅದರಲ್ಲಿ ಭತ್ತ ಬೆಳೆಯುತ್ತಿದ್ದೇನೆ. ಪ್ರತಿ ವರ್ಷ ನಾಟಿಗೆ ಇಳಿದಾಗ ನನಗೆ ಆ ಮಂತ್ರಿಗಳ ನೆನಪಾಗುತ್ತದೆ ಎಂದರೆ ಅತಿಶಯೋಕ್ತಿಯಲ್ಲ.

ಅದೇ ಕಾಲದಲ್ಲಿ ನಮ್ಮೂರ ಶಾಲೆಗೂ ಎರಡನೇ ಮೇಷ್ಟ್ರು ಬಂದರು. ಉತ್ತರ ಕರ್ನಾಟಕದ ಬಯಲುಸೀಮೆಯವರು. ಜೂನ್ ತಿಂಗಳ ನಮ್ಮ ಮಳೆ ನೋಡಿ "ಇದು ನಿಲ್ಲೂದ ಯಾವಾಗ್ರಿ?" ಅಂತ ಕೇಳಿದರು. ಆಗಸ್ಟ್ ಮುಗಿಯಲಿ ಎಂದೆವು. ಅವರ ಮುಖ ಸಣ್ಣದಾಯಿತು. ಮನೆಯವರು ಯಾರೋ ಒಂದು ಕಂಬಳಿಕೊಪ್ಪೆ ಕೊಟ್ಟರು, ಇನ್ನೊಬ್ಬರು ಅಕ್ಕಿರೊಟ್ಟಿ ಕಳಿಸಿದರು. ನಾಲ್ಕು ತಿಂಗಳಲ್ಲಿ ಓಡಿಹೋಗುತ್ತಾರೆ ಅಂತ ಊರವರ ಲೆಕ್ಕ. ಅವರು ಹದಿಮೂರು ವರ್ಷ ಇದ್ದರು. ನನ್ನ ತಂಗಿ ಅವರ ಕೈಯಲ್ಲಿ ಓದಿದಳು. ನನಗೆ ಹೈಸ್ಕೂಲಿನಲ್ಲಿ ಬಂದ ಭಾಗಾಕಾರ ಅವಳಿಗೆ ನಾಲ್ಕನೇ ಕ್ಲಾಸಿನಲ್ಲೇ ಬಂತು. ಒಂದೇ ಮನೆ, ಒಂದೇ ಶಾಲೆ. ವ್ಯತ್ಯಾಸವೆಂದರೆ ಅವಳ ಕಾಲಕ್ಕೆ ಎರಡನೇ ಕುರ್ಚಿ ತುಂಬಿತ್ತು.

ಆ ಕಾಲದಲ್ಲಿ ಎಲ್ಲವೂ ಸರಿ ಇತ್ತೆಂದು ಬರೆದರೆ ಅದು ಚರಿತ್ರೆಯಾಗುವುದಿಲ್ಲ, ಹೊಗಳಿಕೆಯಾಗುತ್ತದೆ. ಆ ದಶಕದಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಕೊಟ್ಟ ಕೃಪಾಂಕ ಮುಂದೆ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಆ ಅಂಕದ ಬಲದಿಂದ ಸೇರಿದ್ದ ಕೆಲವು ಶಿಕ್ಷಕರು ಕೆಲಸ ಕಳೆದುಕೊಂಡು ಮತ್ತೆ ಸೇರಲು ಅಲೆಯಬೇಕಾಯಿತು. ಹಳ್ಳಿಯವರಿಗೆ ಒಳ್ಳೆಯದಾಗಲೆಂದು ಮಾಡಿದ್ದೇ ಕೆಲವು ಹಳ್ಳಿಯವರಿಗೆ ತೊಂದರೆಯಾಯಿತು. ನಿಯಮ ಮಾಡುವಾಗ ಒಳ್ಳೆ ಮನಸ್ಸೊಂದೇ ಸಾಲದು, ಅದು ಕಾನೂನಿನ ಮುಂದೆಯೂ ನಿಲ್ಲಬೇಕು ಎಂಬುದು ಇದರ ಪಾಠ. ಇನ್ನು ಶಿಕ್ಷಕರ ವರ್ಗಾವಣೆಯ ಗೋಳು ಬೇರೆ ಇತ್ತು. ಅದಕ್ಕೆಂದೇ ಒಂದು ಕಾಯ್ದೆ ಬಂದದ್ದು 2007ರಲ್ಲಿ.

1999ರ ನಂತರ ಗೋವಿಂದೇಗೌಡರು ಮತ್ತೆ ಮಂತ್ರಿಯಾಗಲಿಲ್ಲ. 2016ರ ಜನವರಿಯಲ್ಲಿ ಅವರು ತೀರಿಕೊಂಡ ಸುದ್ದಿ ಬಂದ ದಿನ ಚಿಕ್ಕಮ್ಮ ಫೋನು ಮಾಡಿದರು. "ನಾನು ಅವರನ್ನು ಒಂದು ದಿನವೂ ಕಣ್ಣಲ್ಲಿ ಕಂಡವಳಲ್ಲ ಕಣೋ" ಎಂದರು. ನಾನು ಆಮೇಲೆ ಯೋಚನೆ ಮಾಡಿದೆ. ನಿಜ, ಅದೇ ಅವರ ದೊಡ್ಡತನ. ಕೆಲಸ ಸಿಕ್ಕವರು ಮಂತ್ರಿಯ ಮುಖ ನೋಡಬೇಕಾಗಲಿಲ್ಲ, ಕಾಲು ಹಿಡಿಯಬೇಕಾಗಲಿಲ್ಲ. ಯಾರ ಋಣವೂ ಇಲ್ಲದೆ ಶಾಲೆಗೆ ಹೋದ ಮೇಷ್ಟ್ರು ಮಕ್ಕಳ ಮುಂದೆ ತಲೆ ಎತ್ತಿ ನಿಲ್ಲುತ್ತಾರೆ.

ಈಗ ನಮ್ಮ ಸಂಘದ ವಿಷಯಕ್ಕೆ ಬರುತ್ತೇನೆ. ಹಾಲು ಸಂಘದಲ್ಲಿ ನಮ್ಮದೆಲ್ಲ ನಡೆಯುವುದು ಡಿಗ್ರಿ ಮತ್ತು ಫ್ಯಾಟಿನ ಮೇಲೆ. ಅಧ್ಯಕ್ಷರ ಮನೆಯ ಹಾಲಾಗಲಿ, ಲೈನ್ ಮನೆಯವರ ಹಾಲಾಗಲಿ, ಮಿಷನ್ ಮುಂದೆ ಒಂದೇ. ಚೀಟಿಯಲ್ಲಿ ಬಂದದ್ದೇ ಲೆಕ್ಕ. ಆದರೆ ಆ ಮಿಷನ್ ಮುಂದೆ ನಿಲ್ಲುವ ಮನುಷ್ಯನನ್ನು ಆರಿಸುವುದು ನಾವು ನಿರ್ದೇಶಕರು. ಹಿಂದೊಮ್ಮೆ ಹಾಲು ಪರೀಕ್ಷಕರ ಕೆಲಸ ಖಾಲಿಯಾದಾಗ ನಮ್ಮ ಭಾವ ಮನೆಗೆ ಬಂದರು. ಮಗನಿಗೆ ಕೊಡಿಸು ಎಂದರು. ಪರೀಕ್ಷೆ ಮಾಡಿಯೇ ತೆಗೆದುಕೊಳ್ಳುವುದು ಎಂದೆ. "ಮತ್ತೆ ನೀನು ಡೈರೆಕ್ಟರ್ ಆಗಿ ನಮಗೇನು ಪ್ರಯೋಜನ?" ಎಂದು ಕಾಫಿ ಕುಡಿಯದೆ ಎದ್ದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಭಾವ ನನ್ನ ಕಷ್ಟಕಾಲಕ್ಕೆ ಆದವರು. ಹುಡುಗನೂ ಒಳ್ಳೆಯವನೇ. ಆದರೂ ಹೊಳೆಬದಿಯ ಗದ್ದೆ ನೆನಪಾಯಿತು. ಐದು ಮಾದರಿ ಹಾಲು ಇಟ್ಟು ಪರೀಕ್ಷೆ ಮಾಡಿಸಿದೆವು, ಒಂದು ಪುಟ ಲೆಕ್ಕ ಕೊಟ್ಟೆವು, ಅಂಕಪಟ್ಟಿಯನ್ನು ಸಂಘದ ಬಾಗಿಲಿಗೆ ಅಂಟಿಸಿದೆವು. ಭಾವನ ಮಗ ಮೂರನೆಯವನಾದ. ಮೊದಲು ಬಂದವಳು ತೋಟದ ಲೈನ್ ಮನೆಯ ಹುಡುಗಿ. ಆ ವರ್ಷ ಗೌರಿ ಹಬ್ಬಕ್ಕೆ ಭಾವ ನಮ್ಮ ಮನೆಗೆ ಬರಲಿಲ್ಲ. ಮರುವರ್ಷ ಬಂದರು. ಹುಡುಗಿ ಇಂದಿಗೂ ಕೆಲಸದಲ್ಲಿದ್ದಾಳೆ, ಡಿಗ್ರಿ ವಿಚಾರದಲ್ಲಿ ಜಗಳ ಎಂಬುದು ನಮ್ಮ ಸಂಘದಲ್ಲಿ ನಿಂತುಹೋಗಿದೆ.

ಗೋವಿಂದೇಗೌಡರ ಕಾಲದಲ್ಲಿ ಸೇರಿದ ಶಿಕ್ಷಕರು ಈಗ ಒಬ್ಬೊಬ್ಬರಾಗಿ ಅರವತ್ತು ತುಂಬಿ ನಿವೃತ್ತರಾಗುತ್ತಿದ್ದಾರೆ. ಚಿಕ್ಕಮ್ಮನಿಗೂ ನಿವೃತ್ತಿಯಾಯಿತು. ಅವರ ಜಾಗದಲ್ಲಿ ಎಷ್ಟೋ ಕಡೆ ಅತಿಥಿ ಶಿಕ್ಷಕರು ನಿಂತು ಪಾಠ ಮಾಡುತ್ತಿದ್ದಾರೆ. ಮತ್ತೆ ಕುರ್ಚಿ ತುಂಬಬೇಕಾದ ಕಾಲ ಬಂದಿದೆ. ಓಟು ಕೇಳಲು ಬರುವವರನ್ನು ನಮ್ಮ ಹುಡುಗನಿಗೊಂದು ಕೆಲಸ ಕೊಡಿ ಎಂದು ಕೇಳುವ ಬದಲು, ನಮ್ಮ ಶಾಲೆಗೆ ಪಟ್ಟಿಯ ಪ್ರಕಾರ ಮೇಷ್ಟ್ರನ್ನು ಕಳಿಸಿ ಎಂದು ನಾವೆಲ್ಲ ಕೇಳಬೇಕು. ಸಂಘದ ಚುನಾವಣೆಯಲ್ಲಿ ನನ್ನನ್ನೂ ಹಾಗೆಯೇ ಕೇಳಿ.