ಬೂದಿ, ಹುಣಸೆ, ತೆಂಗಿನ ನಾರು

ಅರಸರ ಅಡಿಗೆಮನೆಯಲ್ಲಿ ಏನೇನು ಬೇಯುತ್ತಿತ್ತೆಂಬುದನ್ನು ನಮ್ಮ ಗ್ರಂಥಗಳು ಬಾಯಲ್ಲಿ ನೀರೂರುವಂತೆ ವರ್ಣಿಸಿವೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗಕ್ಕೆಂದೇ ಒಂದು ಅಧ್ಯಾಯವಿದೆ. ಮಂಗರಸನ ‘ಸೂಪಶಾಸ್ತ್ರ’ವಂತೂ ಪಾಕಕ್ಕೇ ಮೀಸಲಾದ ಕೃತಿ. ಆದರೆ ಊಟ ಮುಗಿದ ಮೇಲೆ, ತಳ ಹಿಡಿದ ಆ ಕೊಪ್ಪರಿಗೆಗಳನ್ನು ತಿಕ್ಕಿದವರಾರು, ಯಾವುದರಿಂದ ತಿಕ್ಕಿದರು? ಇದನ್ನು ನಾವು ಕೇಳುವುದೇ ಇಲ್ಲ.

ಧರ್ಮಶಾಸ್ತ್ರಕಾರರಿಗೆ ಈ ಯೋಚನೆ ಬಂದಿತ್ತು. ಮನುಸ್ಮೃತಿಯ ಐದನೆಯ ಅಧ್ಯಾಯವು ತಾಮ್ರ, ಕಬ್ಬಿಣ, ಕಂಚು, ಹಿತ್ತಾಳೆ, ತವರ, ಸೀಸಗಳನ್ನು ಕ್ಷಾರ, ಹುಳಿ, ನೀರುಗಳಿಂದ ಯಥೋಚಿತವಾಗಿ ಶುದ್ಧಿಮಾಡಬೇಕೆನ್ನುತ್ತದೆ. ಶಾಸ್ತ್ರಕಾರನ ಚಿಂತೆ ಮಡಿಮೈಲಿಗೆಯದು. ವಿಧಾನ ಮಾತ್ರ ಮುಸುರೆ ತಿಕ್ಕುವವರದು. ಅವರಿಗೆ ಕ್ಷಾರವೆಂದರೆ ಒಲೆಯ ಬೂದಿ. ಹುಳಿಯೆಂದರೆ ಸಾರಿಗೆ ಕಿವುಚಿ ಹಿಂಡಿದ ಹುಣಸೆಯ ಹಿಪ್ಪೆ. ತಿಕ್ಕಲು ಸುಲಿದ ಕಾಯಿಯ ನಾರು. ಅದಿಲ್ಲದಿದ್ದರೆ ಬಲಿತು ಒಣಗಿದ ಹೀರೆಯ ನಾರು. ಇವುಗಳಲ್ಲಿ ಒಂದನ್ನೂ ಅಂಗಡಿಯಿಂದ ತರಬೇಕಿರಲಿಲ್ಲ. ಅಡಿಗೆಯೇ ಬಿಟ್ಟುಹೋದ ಕಸ ಅಡಿಗೆಯ ಕೊಳೆಯನ್ನು ತೆಗೆಯುತ್ತಿತ್ತು.

ಇದು ಬರಿಯ ರೂಢಿಯಲ್ಲ. ಸೌದೆಯ ಬೂದಿಯಲ್ಲಿ ಪೊಟ್ಯಾಸಿಯಮ್ ಕಾರ್ಬೊನೇಟ್ ಇರುತ್ತದೆ. ನೀರು ಸೋಂಕಿದೊಡನೆ ಅದು ಕ್ಷಾರಗುಣ ತೋರಿ ಜಿಡ್ಡನ್ನು ಬಿಡಿಸುತ್ತದೆ. ಬೂದಿಯ ಸಣ್ಣ ಕಣಗಳು ಸೀಕಲನ್ನು ಕೆರೆಯುತ್ತವೆ. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲ ತಾಮ್ರದ ಕಿಲುಬನ್ನು ಕರಗಿಸುತ್ತದೆ. ಯೂರೋಪಿನಲ್ಲಿಯೂ ಬೂದಿಯ ನೀರನ್ನು ಮಡಕೆಯಲ್ಲಿ ಬತ್ತಿಸಿ ಕ್ಷಾರ ತೆಗೆಯುತ್ತಿದ್ದರು. ‘ಮಡಕೆಯ ಬೂದಿ’ ಎಂಬರ್ಥದ ‘ಪೊಟ್ಯಾಷ್’ ಎಂಬ ಹೆಸರು ಹುಟ್ಟಿದ್ದು ಹೀಗೆ. 1807ರಲ್ಲಿ ಹಂಫ್ರಿ ಡೇವಿ ಅಂಥ ಕ್ಷಾರದಿಂದಲೇ ಹೊಸದೊಂದು ಲೋಹವನ್ನು ಬೇರ್ಪಡಿಸಿ ಪೊಟ್ಯಾಸಿಯಮ್ ಎಂದು ಕರೆದನು. ರಸಾಯನಶಾಸ್ತ್ರದ ಒಂದು ಮೂಲಧಾತುವಿನ ಹೆಸರಿಗೆ ಇಂದಿಗೂ ಬೂದಿ ಮೆತ್ತಿಕೊಂಡಿದೆ!

ಈ ಹಳೆಯ ವ್ಯವಸ್ಥೆಗೆ ತೊಡಕು ತಂದದ್ದು ಹೊಸ ಲೋಹ. 1898ರಲ್ಲಿ ಆಲ್‌ಫ್ರೆಡ್ ಚ್ಯಾಟರ್‌ಟನ್ನರು ಮದರಾಸಿನಲ್ಲಿ ಅಲ್ಯೂಮಿನಿಯಮ್ ಪಾತ್ರೆಗಳ ತಯಾರಿಕೆಯನ್ನು ಆರಂಭಿಸಿದರು. ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕೆಗಳ ನಿರ್ದೇಶಕರಾದವರೂ ಅವರೇ. ಈ ಲೋಹಕ್ಕೂ ಕ್ಷಾರಕ್ಕೂ ಆಗದು; ಬೂದಿ ಹಾಕಿ ತಿಕ್ಕಿದಷ್ಟೂ ಪಾತ್ರೆ ಸವೆದು ಮಂಕಾಗುತ್ತದೆ. ಅಮೆರಿಕದಲ್ಲಿ 1917ರ ಸುಮಾರಿಗೆ ಎಡ್ ಕಾಕ್ಸ್ ಎಂಬ ಅಲ್ಯೂಮಿನಿಯಮ್ ಪಾತ್ರೆಯ ವ್ಯಾಪಾರಿ ಉಕ್ಕಿನ ನಾರಿಗೆ ಸಾಬೂನು ಹೀರಿಸಿ ಮಾರತೊಡಗಿದನು. ನೋಡಿದರೆ ಅದೂ ನಮ್ಮ ನಾರು-ಬೂದಿಯ ಜೋಡಿಯೇ. ಬೆಲೆಯೊಂದು ಬಂದು ಸೇರಿತು.

ಗ್ಯಾಸಿನ ಒಲೆ ಬಂದ ಮನೆಗಳಲ್ಲಿ ಬೂದಿಯೇ ಇಲ್ಲ. ಅದಕ್ಕಾಗಿ ಹಳಹಳಿಸಬೇಕಾಗಿಲ್ಲ. ಜಿಡ್ಡನ್ನು ತಿಂದ ಕ್ಷಾರವೇ ಬಚ್ಚಲಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ತಿಕ್ಕಿದವಳ ಬೆರಳುಗಳನ್ನೂ ತಿಂದಿತು. ಆಕೆಯ ಜಾಣತನವನ್ನು ಹೊಗಳುವಾಗ ಆ ಬಿರಿದ ಕೈಗಳನ್ನು ಮರೆಯಬಾರದು. ಕೊಪ್ಪರಿಗೆ ಬೆಳಗಿದ್ದು ಬೂದಿಯೊಂದರಿಂದಲೇ ಅಲ್ಲ.