ಇಂಡಕ್ಷನ್ ಸ್ಟವ್ ಮುಂದೆ ಚಿನ್ನದ ಬಳೆ ಹಾಕಿಕೊಂಡರೆ ಕೈ ಸುಡುತ್ತದೆಯೇ? ಲೆಕ್ಕ ಹಾಕಿ ನೋಡೋಣ

"ಇಂಡಕ್ಷನ್ ಸ್ಟವ್ ಮುಂದೆ ಬಳೆ ಹಾಕಿಕೊಂಡು ಅಡುಗೆ ಮಾಡಬೇಡಿ, ಬಳೆ ಕಾದು ಕೈ ಸುಡುತ್ತದೆ, ಎಲ್ಲರಿಗೂ ಕಳುಹಿಸಿ." ಇಂಥದೊಂದು ಸಂದೇಶ ನಮ್ಮ ಮನೆಯ ವಾಟ್ಸಾಪ್ ಗುಂಪಿಗೂ ಬಂತು. ಅದನ್ನು ಓದಿದ ದಿನದಿಂದ ಚಾಮರಾಜಪೇಟೆಯಲ್ಲಿರುವ ನಮ್ಮ ದೊಡ್ಡಮ್ಮ ಅಡುಗೆಗೆ ನಿಲ್ಲುವ ಮೊದಲು ಬಳೆ ಬಿಚ್ಚಿಡತೊಡಗಿದರು. ಎಲ್ಲಿ ಇಡುತ್ತಿದ್ದರು ಗೊತ್ತೇ? ಸ್ಟವ್‌ನ ಗಾಜಿನ ಮೇಲೆ, ಪಾತ್ರೆಯ ಪಕ್ಕದಲ್ಲೇ!

ಹಾಗಾದರೆ ಬಳೆ ಎಲ್ಲಿದ್ದರೆ ಅಪಾಯ, ಕೈಯಲ್ಲೋ ಗಾಜಿನ ಮೇಲೋ? ಪಿಯುಸಿ ಮಟ್ಟದ ಭೌತವಿಜ್ಞಾನ ಇದಕ್ಕೆ ಉತ್ತರ ಕೊಡುತ್ತದೆ.

ಸ್ಟವ್ ಒಳಗೆ ಏನಾಗುತ್ತದೆ?

ಗಾಜಿನ ಕೆಳಗೆ ತಾಮ್ರದ ತಂತಿಯ ಒಂದು ಸುರುಳಿ ಇದೆ. ಮನೆಗೆ ಬರುವ ವಿದ್ಯುತ್ ಸೆಕೆಂಡಿಗೆ 50 ಬಾರಿ ಆವರ್ತಿಸುತ್ತದೆ. ಸ್ಟವ್ ಇದನ್ನು ಸುಮಾರು 25,000 ಬಾರಿಗೆ ಏರಿಸಿ ಸುರುಳಿಗೆ ಕೊಡುತ್ತದೆ. ಆಗ ಸುರುಳಿಯ ಸುತ್ತ ಅಷ್ಟೇ ವೇಗದಲ್ಲಿ ಬದಲಾಗುವ ಕಾಂತಕ್ಷೇತ್ರ ಹುಟ್ಟುತ್ತದೆ. ಬದಲಾಗುವ ಕಾಂತಕ್ಷೇತ್ರದೊಳಗೆ ಲೋಹವಿದ್ದರೆ ಅದರಲ್ಲಿ ವಿದ್ಯುತ್ ಹರಿಯುತ್ತದೆ, ಲೋಹ ಬಿಸಿಯಾಗುತ್ತದೆ. 1831ರಲ್ಲಿ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆ ಎಂದರೆ ಇದೇ. ಶಿವನಸಮುದ್ರದ ಜನರೇಟರುಗಳು ಇದೇ ತತ್ವದಿಂದ ತಯಾರಿಸಿದ ವಿದ್ಯುತ್ತಿನಿಂದಲೇ 1905ರಲ್ಲಿ ಇಂದಿನ ಕೆ.ಆರ್. ಮಾರ್ಕೆಟ್ ಬಳಿ ಬೀದಿದೀಪ ಬೆಳಗಿತು.

ಬಳೆಯೂ ಲೋಹದ ಒಂದು ಸುತ್ತು. ಆದ್ದರಿಂದ ಅದರಲ್ಲೂ ವಿದ್ಯುತ್ ಹರಿಯುತ್ತದೆ ಎಂಬ ಮಾತು ನಿಜ. ಪ್ರಶ್ನೆ ಇರುವುದು ಎಷ್ಟು ಎಂಬುದರಲ್ಲಿ.

ಕೈಯಲ್ಲಿರುವ ಬಳೆಯ ಲೆಕ್ಕ

6 ಸೆಂಟಿಮೀಟರ್ ಅಗಲ, 3 ಮಿಲಿಮೀಟರ್ ದಪ್ಪದ ಗಟ್ಟಿ ಚಿನ್ನದ ಬಳೆ ಎಂದುಕೊಳ್ಳಿ. ತೂಕ ಸುಮಾರು 25 ಗ್ರಾಂ. ಐಸಿಎನ್‌ಐಆರ್‌ಪಿ ಎಂಬ ಅಂತರರಾಷ್ಟ್ರೀಯ ಆಯೋಗ 2010ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ, ಈ ಆವರ್ತನದಲ್ಲಿ ಜನಸಾಮಾನ್ಯರಿಗೆ ಕಾಂತಕ್ಷೇತ್ರದ ಮಿತಿ 27 ಮೈಕ್ರೋಟೆಸ್ಲಾ. ಸ್ಟವ್ ಮುಂದೆ ನಿಂತವರ ಬಳೆಗೆ ಈ ಮಿತಿಯಷ್ಟೂ ತಗಲುತ್ತದೆ ಎಂದೇ ಇಟ್ಟುಕೊಳ್ಳೋಣ.

ಹಂತ 1: ಬಳೆಯಲ್ಲಿ ಹುಟ್ಟುವ ವೋಲ್ಟೇಜ್ = 2 × 3.14 × ಆವರ್ತನ × ಕಾಂತಕ್ಷೇತ್ರ × ಬಳೆಯೊಳಗಿನ ವಿಸ್ತೀರ್ಣ. ಅಂದರೆ 2 × 3.14 × 25,000 × 0.000027 × 0.0028 = 0.012 ವೋಲ್ಟ್. ಟಾರ್ಚ್ ಸೆಲ್‌ನ 1.5 ವೋಲ್ಟ್ ಇದರ ನೂರಕ್ಕೂ ಹೆಚ್ಚು ಪಟ್ಟು.

ಹಂತ 2: ಇಷ್ಟು ವೇಗದ ವಿದ್ಯುತ್ ಲೋಹದ ಮೇಲ್ಪದರದಲ್ಲಷ್ಟೇ ಹರಿಯುತ್ತದೆ. ಅದನ್ನು ಗಣಿಸಿದರೆ ಬಳೆಯ ರೋಧ ಸುಮಾರು 0.001 ಓಮ್. ಇಲ್ಲಿ ಹಲವರು 0.012 ÷ 0.001 = 12 ಆಂಪಿಯರ್ ಎಂದು ಬರೆದುಬಿಡುತ್ತಾರೆ. ಅದು ತಪ್ಪು. ಬಳೆಯಲ್ಲಿ ಹರಿಯುವ ವಿದ್ಯುತ್ ತನ್ನದೇ ಕಾಂತಕ್ಷೇತ್ರವನ್ನು ಹುಟ್ಟಿಸಿ ತನ್ನ ಹರಿವನ್ನೇ ತಡೆಯುತ್ತದೆ. ಈ ಸ್ವಪ್ರೇರಣೆಯ ತಡೆ ಸುಮಾರು 0.018 ಓಮ್, ಅಂದರೆ ರೋಧಕ್ಕಿಂತ ಬಹಳ ಹೆಚ್ಚು. ಹಾಗಾಗಿ ನಿಜವಾಗಿ ಹರಿಯುವುದು ಸುಮಾರು 0.66 ಆಂಪಿಯರ್.

ಹಂತ 3: ಶಾಖ = ವಿದ್ಯುತ್ × ವಿದ್ಯುತ್ × ರೋಧ = 0.66 × 0.66 × 0.001 = ಸುಮಾರು 0.0004 ವ್ಯಾಟ್.

ಅರ್ಧ ಮಿಲಿವ್ಯಾಟ್ ಕೂಡ ಇಲ್ಲ! 22 ಕ್ಯಾರೆಟ್ ಚಿನ್ನಕ್ಕೆ ರೋಧ ಹೆಚ್ಚಿರುವುದರಿಂದ ಇದು ಕೆಲವು ಪಟ್ಟು ಏರಬಹುದು, ಆದರೂ ಚರ್ಮಕ್ಕೆ ಗೊತ್ತಾಗುವುದಿಲ್ಲ. ಇನ್ನು ಸಂದು ಇರುವ ಬಳೆಯಾದರೆ ಸುತ್ತು ಪೂರ್ಣವಾಗುವುದೇ ಇಲ್ಲ, ಹಾಗಾಗಿ ಅದರಲ್ಲಿ ವಿದ್ಯುತ್ ಸುತ್ತುವುದಿಲ್ಲ.

"ಆದರೆ ನನ್ನ ಬಳೆ ಬಿಸಿಯಾಗಿದ್ದು ನಿಜ" ಎನ್ನುತ್ತೀರಾ? ಕುದಿಯುವ ಸಾರಿನ ಹಬೆಯನ್ನು ನೆನಪಿಸಿಕೊಳ್ಳಿ. ಗ್ಯಾಸ್ ಒಲೆಯ ಮುಂದೆಯೂ ಬಳೆ ಬಿಸಿಯಾಗುತ್ತದೆ.

ಗಾಜಿನ ಮೇಲಿಟ್ಟ ಬಳೆಯ ಕಥೆಯೇ ಬೇರೆ

ಕಾಂತಕ್ಷೇತ್ರ ಸುರುಳಿಯ ಹತ್ತಿರ ಹೋದಂತೆ ಬಹಳ ಬೇಗ ಹೆಚ್ಚುತ್ತದೆ. ಶಾಖ ಅದರ ವರ್ಗದಂತೆ ಏರುತ್ತದೆ: ಕ್ಷೇತ್ರ 10 ಪಟ್ಟಾದರೆ ಶಾಖ 100 ಪಟ್ಟು, ಕ್ಷೇತ್ರ 100 ಪಟ್ಟಾದರೆ ಶಾಖ 10,000 ಪಟ್ಟು. ಆಗ ನಮ್ಮ 0.0004 ವ್ಯಾಟ್ 4 ವ್ಯಾಟ್ ಆಗುತ್ತದೆ. 25 ಗ್ರಾಂ ಚಿನ್ನವನ್ನು ಸೆಕೆಂಡಿಗೆ ಒಂದು ಡಿಗ್ರಿಗಿಂತ ಹೆಚ್ಚು ಕಾಯಿಸಲು ಇಷ್ಟು ಸಾಕು. ಒಂದು ನಿಮಿಷ ಬಿಟ್ಟು ಎತ್ತಿಕೊಂಡರೆ ಬೆರಳು ಚುರ್ರೆನ್ನುತ್ತದೆ.

ಸ್ಟವ್ ಮೇಲೆ ಬಳೆಯೊಂದನ್ನೇ ಇಟ್ಟರೆ ಸಾಮಾನ್ಯವಾಗಿ ಸ್ಟವ್ ಆನ್ ಆಗುವುದಿಲ್ಲ, ಪಾತ್ರೆ ಇಲ್ಲವೆಂದು ಅದಕ್ಕೆ ತಿಳಿಯುತ್ತದೆ. ಪಾತ್ರೆ ಇದ್ದು ಪಕ್ಕದಲ್ಲಿ ಬಳೆ, ಚಮಚ ಅಥವಾ ಮುಚ್ಚಳ ಇದ್ದಾಗಲೇ ತೊಂದರೆ. ದೊಡ್ಡಮ್ಮನ ಬಳೆ ಕೈಯಲ್ಲಿದ್ದಾಗ ಸುರಕ್ಷಿತವಾಗಿತ್ತು. ಸಂದೇಶ ಅದನ್ನು ಅಪಾಯದ ಜಾಗಕ್ಕೆ ತಂದಿಟ್ಟಿತು.

ಪಾತ್ರೆಗೆ ಮಾತ್ರ ಯಾಕೆ ಅಷ್ಟು ಬಿಸಿ?

ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದಲ್ಲಿ ವಿದ್ಯುತ್ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ತೆಳು ಪದರದಲ್ಲಿ ಹರಿಯುತ್ತದೆ. ಅಲ್ಯೂಮಿನಿಯಂನಲ್ಲಿ ಆ ಪದರ ಸುಮಾರು ಅರ್ಧ ಮಿಲಿಮೀಟರ್. ಹಾದಿ ಕಿರಿದಾದಷ್ಟೂ ರೋಧ ಹೆಚ್ಚು, ಶಾಖವೂ ಹೆಚ್ಚು. ಅಜ್ಜಿಯ ಕಾಲದ ತಾಮ್ರ, ಹಿತ್ತಾಳೆ, ಹಿಂಡಾಲಿಯಂ ಪಾತ್ರೆಗಳು ಮಾಮೂಲಿ ಇಂಡಕ್ಷನ್ ಸ್ಟವ್ ಮೇಲೆ ಕೆಲಸ ಮಾಡದಿರುವುದು ಇದಕ್ಕೇ. ಗಾಂಧಿ ಬಜಾರಿಗೋ ಮಲ್ಲೇಶ್ವರದ ಎಂಟನೇ ಕ್ರಾಸಿಗೋ ಪಾತ್ರೆ ಕೊಳ್ಳಲು ಹೋಗುವಾಗ ಫ್ರಿಜ್ ಬಾಗಿಲಿನ ಒಂದು ಮ್ಯಾಗ್ನೆಟ್ ಜೊತೆಗಿರಲಿ. ತಳಕ್ಕೆ ಗಟ್ಟಿಯಾಗಿ ಅಂಟಿದರೆ ಕೊಳ್ಳಿ.

ನಿಜವಾಗಿ ಯಾರು ಎಚ್ಚರ ವಹಿಸಬೇಕು?

ಪೇಸ್‌ಮೇಕರ್ ಹಾಕಿಸಿಕೊಂಡವರು. ಆ ಸಾಧನ ಮತ್ತು ಇಂಡಕ್ಷನ್ ಸ್ಟವ್ ನಡುವೆ ಕನಿಷ್ಠ 60 ಸೆಂಟಿಮೀಟರ್, ಅಂದರೆ ಎರಡು ಅಡಿ ಅಂತರವಿರಲಿ ಎಂದು ಬ್ರಿಟಿಷ್ ಹಾರ್ಟ್ ಫೌಂಡೇಶನ್ ಸಲಹೆ ಮಾಡುತ್ತದೆ. ಸ್ಟವ್ ಕೊಳ್ಳುವ ಮೊದಲು ನಿಮ್ಮ ಹೃದ್ರೋಗ ತಜ್ಞರನ್ನು ಕೇಳಿ. ನಮ್ಮ ಗುಂಪಿಗೆ ಬಂದ ಸಂದೇಶದಲ್ಲಿ ಈ ವಿಷಯ ಒಂದು ಸಾಲೂ ಇರಲಿಲ್ಲ.

ಒಟ್ಟಿನಲ್ಲಿ

ಕೈಯಲ್ಲಿರುವ ಬಳೆ ಇಂಡಕ್ಷನ್‌ನಿಂದ ಕಾದು ಸುಡುತ್ತದೆ ಎಂಬುದು ತಪ್ಪು. ಸ್ಟವ್‌ನ ಗಾಜಿನ ಮೇಲೆ ಲೋಹದ ವಸ್ತು ಇಡಬಾರದು ಎಂಬುದು ಸರಿ. ಆ ಸಂದೇಶ ಮತ್ತೆ ಬಂದರೆ ಉತ್ತರವಾಗಿ ಈ ಎರಡು ಸಾಲು ಕಳುಹಿಸಿ. ಮನೆಯಲ್ಲಿ ಯಾರಿಗಾದರೂ ಪೇಸ್‌ಮೇಕರ್ ಇದ್ದರೆ, ಎರಡು ಅಡಿಯ ಮಾತನ್ನೂ ಸೇರಿಸಿ.